ಇಮ್ಯುನೋಗ್ಲೋಬ್ಯುಲಿನ್ ಡೇ ಕೇರ್: ಸಿಸ್ಟರ್‌ಗೆ ಐದು ಸ್ಟಾರ್, ಕೌಂಟರ್‌ಗೆ ಎರಡು

ನಾಲ್ಕು ವಾರಕ್ಕೊಮ್ಮೆ ಅರಸೀಕೆರೆಯಿಂದ ಬೆಳಗಿನ ರೈಲು ಹಿಡಿದು, ಇಮ್ಯುನೋಗ್ಲೋಬ್ಯುಲಿನ್ ಡ್ರಿಪ್ ಹಾಕಿಸಲು ಮಗನನ್ನು ಬೆಂಗಳೂರಿನ ಒಂದು ಆಸ್ಪತ್ರೆಯ ಡೇ ಕೇರ್‌ಗೆ ಕರೆದುಕೊಂಡು ಹೋಗುತ್ತೇನೆ. ಹೆಸರು ಬೇಡ. ಮುಂದಿನ ತಿಂಗಳೂ ಅಲ್ಲಿಗೇ ಹೋಗಬೇಕಲ್ವಾ?

ಅವನಿಗೆ 9 ವರ್ಷ. ಎಕ್ಸ್‌ಎಲ್‌ಎ ಎಂಬ ಕಾಯಿಲೆ, ಮೈಯಲ್ಲಿ ಸೋಂಕಿನ ವಿರುದ್ಧ ಹೋರಾಡುವ ಆಂಟಿಬಾಡಿಯೇ ತಯಾರಾಗುವುದಿಲ್ಲ. ಅದನ್ನೇ ಹೊರಗಿನಿಂದ ಕೊಡುವ ಔಷಧಿ ಈ ಇಮ್ಯುನೋಗ್ಲೋಬ್ಯುಲಿನ್. ಹುಟ್ಟಿದಾಗ ನನ್ನಿಂದ ಹೋದ ಆಂಟಿಬಾಡಿ ಆರು ತಿಂಗಳು ಕಾಪಾಡಿತು. ಆಮೇಲೆ ಒಂದೇ ಸಮನೆ ಕಿವಿ ಸೋರಿಕೆ. 3 ವರ್ಷಕ್ಕೆ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಮೆದುಳಿನ ಪೊರೆಗೇ ಹತ್ತಿತು. ಮೆನಿಂಜೈಟಿಸ್. ಕತ್ತು ಬಗ್ಗಿಸಲಾಗದೆ ಕಿರುಚುತ್ತಿದ್ದ. ಬದುಕಿಕೊಂಡ, ಎಡಗಿವಿ ಮಾತ್ರ ಮಂದವಾಯಿತು. ಆಗ ಒಬ್ಬ ಡಾಕ್ಟರ್ ಗಂಟಲಿಗೆ ಟಾರ್ಚ್ ಬಿಟ್ಟು, "ಏನಮ್ಮಾ, ಟಾನ್ಸಿಲ್ ತೆಗೆಸಿದ್ದೀರಾ?" ಎಂದರು. ತೆಗೆಸಿರಲಿಲ್ಲ. ಇರಲೇ ಇಲ್ಲ! ಈ ಕಾಯಿಲೆಯಲ್ಲಿ ಅದು ಬೆಳೆಯುವುದೇ ಇಲ್ಲವಂತೆ. ರೋಗ ಸಿಕ್ಕಿಬಿದ್ದಿದ್ದು ಹಾಗೆ.

ಇಲ್ಲಿನ ಸಿಸ್ಟರ್ ಪ್ರತಿ ಸಲ ಮೊದಲು ತೂಕ ನೋಡುತ್ತಾರೆ. ಅವನ 25 ಕೆಜಿಗೆ 10 ಗ್ರಾಂ ಔಷಧಿ, ಅಂದರೆ ಎರಡು ಬಾಟಲಿ. ಫ್ರಿಜ್‌ನಿಂದ ತೆಗೆದು, ತಣ್ಣಗಿರುವುದು ಹೋಗಲಿ ಅಂತ ಮೇಜಿನ ಮೇಲಿಡುತ್ತಾರೆ. ಕುಲುಕುವುದಿಲ್ಲ, ನೊರೆ ಬರುತ್ತದೆ. ಬ್ಯಾಚ್ ಸ್ಟಿಕ್ಕರ್ ಕಿತ್ತು ಫೈಲಿಗೆ ಅಂಟಿಸುತ್ತಾರೆ. ಸಾವಿರಾರು ಜನರ ರಕ್ತದ ಪ್ಲಾಸ್ಮಾ ಸೇರಿಸಿ ಮಾಡಿದ ಔಷಧಿ, ಲೆಕ್ಕ ಇರಲೇಬೇಕು. ಪಂಪ್‌ನಲ್ಲಿ ಗಂಟೆಗೆ 15 ಎಂಎಲ್‌ನಿಂದ ಶುರು, ಆಮೇಲೆ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಹಿಂದೆ ಬೇರೊಂದು ಕಡೆ ಬೇಗ ಮುಗಿಸೋಣ ಅಂತ ಜೋರಾಗಿ ಬಿಟ್ಟಿದ್ದರು. ರಾತ್ರಿಯೆಲ್ಲ ತಲೆನೋವು, ವಾಂತಿ. ಮತ್ತೆ ಮೆದುಳಿಗೇ ಹತ್ತಿತೇನೋ ಎಂದು ನನ್ನ ಕೈಕಾಲು ತಣ್ಣಗಾಗಿತ್ತು. ಇಲ್ಲಿ ಒಂದು ಸಲವೂ ಹಾಗಾಗಿಲ್ಲ.

ಕೌಂಟರ್ ವಿಷಯ ಬೇರೆ. ಅಡ್ಮಿಷನ್ ಚೀಟಿಗೆ ಜ್ವರ, ಕೆಮ್ಮಿನ ಮಕ್ಕಳ ಸಾಲಿನಲ್ಲೇ ಕೂರಿಸುತ್ತಾರೆ. ಹೋದ ತಿಂಗಳು ಒಂದೂವರೆ ಗಂಟೆ. ಇವನಿಗೆ ಸೋಂಕು ತಗುಲಬಾರದು ಅಂತಲೇ ಅಲ್ವಾ ಇಷ್ಟು ದೂರ ಬರುವುದು? ಹೇಳಿದರೆ, "ಎಲ್ಲರಿಗೂ ಒಂದೇ ಕ್ಯೂ ಮೇಡಂ" ಅಂದರು. ಕೊನೆಗೆ ಸಿಸ್ಟರೇ ಕೆಳಗಿಳಿದು ಬಂದು, ಅವನನ್ನು ಮೇಲೆ ಕರೆದುಕೊಂಡು ಹೋದರು. ಚೀಟಿಗೆ ನಾನೊಬ್ಬಳೇ ನಿಂತೆ.

ಹೋಗುವವರು ಹಿಂದಿನ ದಿನವೇ ಫೋನ್ ಮಾಡಿ ಔಷಧಿ ಸ್ಟಾಕ್ ಇದೆಯಾ ಕೇಳಿ. ಮಗುವಿಗೆ ಸ್ವೆಟರ್ ಇರಲಿ, ಎಸಿ ಜಾಸ್ತಿ. ಕ್ಯಾಂಟೀನಿನ ಇಡ್ಲಿ ಪರವಾಗಿಲ್ಲ, ಕಾಫಿ ಮಾತ್ರ ಸುಮ್ನೆ ಬಿಸಿನೀರು.