ವಿಜಯಪುರದ 108 ಆಂಬುಲೆನ್ಸ್: ‘ನನಗೇನೂ ಆಗಿಲ್ಲ’ ಅನ್ನುವವರನ್ನೂ ಗಾಡಿ ಹತ್ತಿಸಿದ್ದಕ್ಕೆ ಐದಕ್ಕೆ ಐದು

108ರ ಬಗ್ಗೆ ಬರೆಯುವವರು ಗಾಡಿ ಎಷ್ಟೊತ್ತಿಗೆ ಬಂತು ಅನ್ನುವುದನ್ನೇ ಮುಖ್ಯವಾಗಿ ಬರೆಯುತ್ತಾರೆ. ನಮಗೆ ಬೇಗ ಬಂತು, ಒಂದು ರೂಪಾಯಿಯನ್ನೂ ಕೇಳಲಿಲ್ಲ. ಆದರೆ ನಾನು ಅಂಕ ಕೊಡುತ್ತಿರುವುದು ಗಾಡಿಯಿಂದ ಇಳಿದ ಸಿಸ್ಟರ್ ನಮ್ಮ ಕಾಕಾರ ಜೊತೆ ಮಾತಾಡಿದ ರೀತಿಗೆ. ಲಕ್ವಾ ಹೊಡೆದವರು ಆಸ್ಪತ್ರೆ ಮುಟ್ಟುವುದು ತಡವಾಗಲು ಬಹಳ ಸಲ ಅವರ ಸ್ವಭಾವವೇ ಕಾರಣ. ಅದನ್ನು ಬಲ್ಲವರೊಬ್ಬರು ಅವತ್ತು ಬಂದಿದ್ದು ನಮ್ಮ ಪುಣ್ಯ.

ಕಾಕಾ ಟಿಕೋಟಾ ಹತ್ತಿರ ದ್ರಾಕ್ಷಿ ಬೆಳೆಯುತ್ತಾರೆ. ಯಾರಿಗೂ ಭಾರ ಆಗಬಾರದು ಅನ್ನುವ ಮನುಷ್ಯ. ಚೇಳು ಕಡಿದರೂ ಕೈಯಲ್ಲಿನ ಕೆಲಸ ಮುಗಿಸಿ ಆಮೇಲೆ ಹೇಳುವವರು. ಮಾರ್ಚ್ ತಿಂಗಳು, ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಹರವುವ ಗದ್ದಲ. ಬೆಳಿಗ್ಗೆ ಏಳರ ಸುಮಾರಿಗೆ ಅವರ ಎಡಗೈಯಿಂದ ಕ್ರೇಟು ಜಾರಿತು. ‘ರಾತ್ರಿ ನಿದ್ದಿಗೆಟ್ಟೇನಿ, ಅಷ್ಟ’ ಅಂದು ಕಟ್ಟೆ ಮೇಲೆ ಕೂತರು. ಯಾವಾಗಲೂ ಹಾಗೇ ಅನ್ನುವವರು, ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಕಾಕಿ ಪುಣೆಯಲ್ಲಿರುವ ಹಿರಿಮಗನ ಫೋನಿಗೆ ಕಾದರು, ಒಬ್ಬರೇ ಏನನ್ನೂ ನಿರ್ಧರಿಸಿದವರಲ್ಲ. ಬಾಜೂ ಮನೆಯ ಹಿರಿಯರು ಎಣ್ಣೆ ತಿಕ್ಕಿ, ನಾಳೆ ಬೇರಿನ ಔಷಧಿ ಕೊಡುವವರ ಕಡೆ ಕರೆದುಕೊಂಡು ಹೋಗೋಣ ಅಂದರು. ಎಂಟೂವರೆಗೆ ಚಹಾ ಕೊಡಲು ಬಂದ ಕಿರಿಸೊಸೆ ಮಾವನ ಬಾಯಿ ಓರೆಯಾಗಿದ್ದನ್ನು ಕಂಡು, ಯಾರನ್ನೂ ಕೇಳದೆ 108ಕ್ಕೆ ಹಚ್ಚಿದಳು. ಮನೆಯಲ್ಲಿ ದನಿ ಎತ್ತಿ ಮಾತಾಡದ ಹುಡುಗಿ ಅವಳು. ಅವಳಿಗೆ ಎಷ್ಟು ಕೈಮುಗಿದರೂ ಕಡಿಮೆ.

ಸಿಸ್ಟರ್ ಬಂದವರೇ ಬೆರಳು ಚುಚ್ಚಿ ಶುಗರ್ ನೋಡಿದರು, ಸಕ್ಕರೆ ಬಿದ್ದರೂ ಲಕ್ವಾದ ಹಾಗೇ ಕಾಣುತ್ತದಂತೆ. ಬಿಪಿ ನೋಡಿದರು. ಆಮೇಲೆ, ‘ಕಾಕಾರ, ಎರಡೂ ಕೈ ಎತ್ರಿ’ ಅಂದರು. ಬಲಗೈ ಮೇಲೆ ಹೋಯಿತು. ಎಡಗೈ ತೊಡೆಯ ಮೇಲೇ ಇತ್ತು.

‘ಎಡಗೈ, ಕಾಕಾರ?’

‘ಎತ್ತೇನಲ್ಲವ್ವಾ, ಕಾಣವಲ್ದೇನು?’

ನೋಡಿದವರಿಗೆ ಅದು ಅವರ ಎಂದಿನ ಹಠ. ಸಿಸ್ಟರ್ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು: ಮಿದುಳಿನ ಬಲಭಾಗಕ್ಕೆ ರಕ್ತ ಹೋಗುವುದು ನಿಂತರೆ ಎಡಗೈ ಸೋಲುತ್ತದೆ, ಅದು ಸೋತಿದೆ ಅನ್ನುವ ಅರಿವೂ ಕೆಲವರಿಗೆ ಹೋಗಿಬಿಡುತ್ತದೆ. ಹುಟ್ಟಾ ‘ನನಗೇನೂ ಆಗಿಲ್ಲ’ ಅನ್ನುವವರಿಗೆ ಹೀಗಾದರೆ ಮಾತಾಡುತ್ತಿರುವುದು ಸ್ವಭಾವವೋ ರೋಗವೋ ಮನೆಯವರಿಗೆ ತಿಳಿಯುವುದು ಹೇಗೆ? ಲಕ್ವಾ ಎದೆನೋವಿನಂತೆ ಹಿಂಡುವುದೂ ಇಲ್ಲ, ಬಹಳ ಮಂದಿಗೆ ನೋವೇ ಇರುವುದಿಲ್ಲ. ನೋವು ನುಂಗಿಕೊಂಡು ಬದುಕಿದವರಿಗೆ ನೋವಿಲ್ಲದ ರೋಗ ಲೆಕ್ಕಕ್ಕೇ ಬರುವುದಿಲ್ಲ.

ಕಾಕಾ ‘ನಾ ಬರಂಗಿಲ್ಲ’ ಅಂದರು. ಸಿಸ್ಟರ್ ವಾದ ಮಾಡಲಿಲ್ಲ, ಹೆದರಿಸಲೂ ಇಲ್ಲ. ‘ನಿಮ್ಮನ್ನ ಬಿಟ್ಟ ಹ್ವಾದ್ರ ನಾ ಮ್ಯಾಲಿನವರಿಗೆ ಉತ್ತರಾ ಕೊಡಬೇಕಾಗತೈತ್ರಿ. ನನ್ನ ಸಲುವಾಗಿ ಒಂದ ಸ್ಕ್ಯಾನ್ ಮಾಡಸ್ರಿ’ ಅಂದರು. ಇನ್ನೊಬ್ಬರಿಗೆ ತೊಂದರೆ ಆಗುತ್ತದೆ ಅಂದ ಕೂಡಲೇ ಕಾಕಾ ಏಳಲು ನೋಡಿದರು. ಪೈಲಟ್, ಅಂದರೆ ಗಾಡಿಯ ಡ್ರೈವರ್, ಹಿಂದಿನಿಂದ ಹಿಡಿದು ಸ್ಟ್ರೆಚರಿನ ಮೇಲೆ ಮಲಗಿಸಿದರು. ಕಾಕಿ ನೀರು, ಆಸ್ಪಿರಿನ್ ಗುಳಿಗೆ ಹಿಡಿದು ನಿಂತಿದ್ದರು, ಸಿಸ್ಟರ್ ಎರಡನ್ನೂ ಬೇಡ ಅಂದರು. ನುಂಗಲು ಆಗದೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಸಿಟಿ ಸ್ಕ್ಯಾನ್ ಇಲ್ಲದೆ ತಿಳಿಯುವುದಿಲ್ಲ, ಒಡೆದಿದ್ದರೆ ಆಸ್ಪಿರಿನ್ ಅಪಾಯ.

ಗಾಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ತಿರುಗಿ ತಿರುಗಿ: ಚಂದಾಗಿದ್ದದ್ದನ್ನು ಕೊನೆಗೆ ನೋಡಿದ್ದು ಎಷ್ಟೊತ್ತಿಗೆ? ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ಗಡಿಯಾರ ಅಲ್ಲಿಂದ ಶುರು. ಮಲಗಿ ಎದ್ದಾಗ ಕೈ ಸೋತಿದ್ದರೆ ಸಾಮಾನ್ಯವಾಗಿ ಮಲಗಿದ ಹೊತ್ತಿನಿಂದ ಲೆಕ್ಕ. ಮೂರು ತಾಸಿನೊಳಗೆ ಕೊಟ್ಟರೆ ಉಪಯೋಗ ಅಂತ 1995ರ ಅಮೆರಿಕದ ಪ್ರಯೋಗದಲ್ಲಿ ಗೊತ್ತಾಯಿತು, 2008ರಲ್ಲಿ ಯುರೋಪಿನ ಪ್ರಯೋಗ ಅದನ್ನು ನಾಲ್ಕೂವರೆ ತಾಸಿಗೆ ಹಿಗ್ಗಿಸಿತು. ದೊಡ್ಡ ರಕ್ತನಾಳ ಕಟ್ಟಿದ ಕೆಲವರಿಗೆ 24 ತಾಸಿನವರೆಗೂ ತಂತಿ ಹಾಕಿ ಹೆಪ್ಪು ತೆಗೆಯಬಹುದು. ಹಾಗಂತ ಕಾಯುವಂತಿಲ್ಲ, ದೊಡ್ಡ ನಾಳ ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅನ್ನುವುದು ವೈದ್ಯರ ಅಂದಾಜು. ಕಾಕಾರಿಗೆ ಹನ್ನೊಂದರೊಳಗೆ ಇಂಜೆಕ್ಷನ್ ಆಯಿತು. ಈಗ ನಡೆಯುತ್ತಾರೆ, ಎಡಗೈ ಹಿಡಿತ ಮಾತ್ರ ಇನ್ನೂ ಸಡಿಲ.

ನಮ್ಮ ಅತ್ತೆ ಇದಕ್ಕೆ ಉಲ್ಟಾ. ತಲೆ ಸಿಡಿದರೂ ದವಾಖಾನೆಗೆ ಓಡುತ್ತಾರೆ ಅಂತ ಮನೆಮಂದಿಯೆಲ್ಲ ಆಡಿಕೊಳ್ಳುತ್ತಿದ್ದರು. ಒಮ್ಮೆ ಮಾತು ತೊದಲಿ ಸ್ವಲ್ಪ ಹೊತ್ತಿಗೆ ಸರಿಹೋದಾಗಲೂ ಓಡಿದರು. ತಾನೇ ಸರಿಹೋಗುವ ಇಂಥದ್ದು ದೊಡ್ಡ ಲಕ್ವಾದ ಮುನ್ಸೂಚನೆ, ಮುಂದಿನ ಕೆಲವೇ ದಿನ ಬಹಳ ಅಪಾಯದ್ದು ಅಂತ ಹೇಳಿ ಡಾಕ್ಟರು ಅವತ್ತೇ ಗುಳಿಗೆ ಶುರು ಮಾಡಿದರು. ಅಂಜುಬುರುಕರು ಅನ್ನಿಸಿಕೊಂಡವರನ್ನು ಆಡಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿರಿ.

ಬೇಸರವಾದದ್ದು ಆಸ್ಪತ್ರೆಯಲ್ಲಿ. ಹೆಸರು ಹೇಳುವುದಿಲ್ಲ. ಆಧಾರ್ ಕಾರ್ಡ್ ಇಲ್ಲದೆ ಚೀಟಿ ಆಗುವುದಿಲ್ಲ ಅಂತ ಕೌಂಟರಿನಲ್ಲಿ ನಿಲ್ಲಿಸಿದರು. 108ರ ಸಿಸ್ಟರೇ ‘ಚೀಟಿ ಹಿಂದಿಂದ ಆಗಲಿ’ ಅಂದು ಸ್ಟ್ರೆಚರನ್ನು ಸ್ಕ್ಯಾನ್ ಕೋಣೆಯವರೆಗೆ ತಳ್ಳಿಕೊಂಡು ಹೋದರು. ತುರ್ತು ವಿಭಾಗದಲ್ಲಿ ಲಕ್ವಾದವರಿಗೆ ಕಾಗದಪತ್ರ ಆಮೇಲೆ ಅನ್ನುವ ನಿಯಮ ಗಟ್ಟಿಯಾಗಿ ಇರಲೇಬೇಕು.

ಟಿಕೋಟಾ, ಬಬಲೇಶ್ವರ ಕಡೆಯ ತೋಟದ ಮನೆಯವರು ಫೋನ್ ಹಚ್ಚಿದಾಗ ಗುಡಿ, ಶಾಲೆಯಂಥ ಗುರುತು ಹೇಳಿರಿ, ಒಬ್ಬರನ್ನು ಡಾಂಬರು ರಸ್ತೆಗೆ ನಿಲ್ಲಿಸಿರಿ. ಹಳೆಯ ಔಷಧಿ ಚೀಟಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿರಿ, ಇಂಜೆಕ್ಷನ್ ಕೊಡಬೇಕೋ ಬೇಡವೋ ಅನ್ನುವುದು ಅದರ ಮೇಲೂ ನಿಂತಿರುತ್ತದೆ.