ಒಂದೇ ಕಂಪ್ಯೂಟರಿನಲ್ಲಿ ಸಿಂಹಳ ಮತ್ತು ತಮಿಳು: ಮೂರು ದಾರಿಗಳ ಹೋಲಿಕೆ

ಸಿಂಹಳ ಮತ್ತು ತಮಿಳು ಅಕ್ಷರಗಳನ್ನು ಪರದೆಯ ಮೇಲೆ ಓದುವುದಕ್ಕೆ ಈಗ ಯಾವ ಸಾಹಸವೂ ಬೇಕಿಲ್ಲ. ವಿಂಡೋಸ್ ಇರಲಿ, ಉಬುಂಟು ಎಂಬ ಉಚಿತ ಕಾರ್ಯವ್ಯವಸ್ಥೆ ಇರಲಿ, ಫೈಲ್ ತೆರೆದರೆ ಅಕ್ಷರ ಕಾಣುತ್ತದೆ. ತೊಡಕು ಇರುವುದು ಬರೆಯಲು ಕುಳಿತಾಗ. ಕೊಲಂಬೊದ ನಮ್ಮ ಕಚೇರಿಯಿಂದ ಹೊರಡುವ ಸೂಚನೆಗಳೆಲ್ಲ ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ಇರಬೇಕು. 1987ರ ಹದಿಮೂರನೆಯ ತಿದ್ದುಪಡಿಯಿಂದ ಶ್ರೀಲಂಕಾದಲ್ಲಿ ಸಿಂಹಳದ ಜೊತೆಗೆ ತಮಿಳೂ ಅಧಿಕೃತ ಭಾಷೆ. ಅನುವಾದ ಮಾಡುವವರು ಬೇರೆ. ಅದನ್ನು ತಿದ್ದಿ, ಜೋಡಿಸಿ, ಮುದ್ರಣಕ್ಕೆ ಕಳಿಸುವುದು ನನ್ನ ಪಾಲಿನ ಕೆಲಸ. ಕನ್ನಡ ಟೈಪ್ ಮಾಡಿ ಪಳಗಿದ ಕೈಗೆ ಇನ್ನೆರಡು ಲಿಪಿಗಳನ್ನು ರೂಢಿಸಿಕೊಳ್ಳಲು ಮೂರು ದಾರಿಗಳನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ಬಳಸಿ ನೋಡಿದ್ದೇನೆ: ವಿಂಡೋಸ್ ತಾನೇ ಕೊಡುವ ಕೀಲಿಮಣೆಗಳು, ಉಬುಂಟುವಿನಲ್ಲಿ ಬೇರೆ ಬೇರೆ ಲಿಪಿಗಳ ಟೈಪಿಂಗನ್ನು ನಿಭಾಯಿಸುವ ಐಬಸ್ ತಂತ್ರಾಂಶದ ಜೊತೆಗೆ ಅದಕ್ಕೆ ಕೀಲಿವಿನ್ಯಾಸಗಳನ್ನು ಒದಗಿಸುವ ಎಂ17ಎನ್, ಮತ್ತು ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆ ಬರೆದರೆ ಲಿಪಿ ಬದಲಿಸಿಕೊಡುವ ಅಂತರಜಾಲ ಸಾಧನಗಳು.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ದಿನವೂ ಎರಡೂ ಲಿಪಿಗಳಲ್ಲಿ ಪುಟಗಟ್ಟಲೆ ಬರೆಯುವವರಿಗೆ ಉಬುಂಟುವಿನ ದಾರಿಯೇ ಉತ್ತಮ. ಹಲವರು ಹಂಚಿಕೊಳ್ಳುವ ಕಚೇರಿಯ ಯಂತ್ರಕ್ಕೆ ವಿಂಡೋಸ್ ಸಾಕು. ಅಂತರಜಾಲದ ಸಾಧನಗಳು ಒಂದೆರಡು ಸಾಲಿಗೆ ಮಾತ್ರ.

ಪರೀಕ್ಷೆಗೆ ಮೂರು ಹೆಸರುಗಳನ್ನು ಆರಿಸಿಕೊಂಡೆ. ಸಿಂಹಳದಲ್ಲಿ ‘ಶ್ರೀ ಲಂಕಾ’ ಮತ್ತು ‘ಕೊಳಂಬ’, ಅಂದರೆ ಕೊಲಂಬೊ. ತಮಿಳಿನಲ್ಲಿ ‘ಯಾೞ್ಪ್ಪಾಣಂ’, ಅಂದರೆ ಜಾಫ್ನಾ. ಇವು ಕೈಗೆ ಸಿಕ್ಕ ಹೆಸರುಗಳಲ್ಲ. ‘ಶ್ರೀ’ಯಲ್ಲಿ ರಕಾರದ ಒತ್ತು ಇದೆ. ‘ಕೊಳಂಬ’ದಲ್ಲಿ ಎಡಕ್ಕೆ ಕೂರುವ ಸ್ವರಚಿಹ್ನೆ, ಳಕಾರ, ಕೊನೆಗೆ ಕನ್ನಡದಲ್ಲಿಲ್ಲದ ಒಂದು ಅಕ್ಷರವೂ ಇದೆ: ಅರೆ ಅನುನಾಸಿಕವನ್ನು ತನ್ನೊಳಗೇ ಇಟ್ಟುಕೊಂಡ ‘ಂಬ’. ಅದು ಸಿಂಹಳದಲ್ಲಿ ಒಂದೇ ಅಕ್ಷರ. ಜಾಫ್ನಾದ ತಮಿಳು ಹೆಸರಿನಲ್ಲಿ ನಮ್ಮ ಹಳಗನ್ನಡದ ೞಕಾರ ಇಂದಿಗೂ ಬದುಕಿದೆ, ಜೊತೆಗೆ ಪಕಾರದ ದ್ವಿತ್ವವಿದೆ. ಈ ಮೂರನ್ನೂ ತಡವರಿಸದೆ ಬರೆಯಲು ಬಿಡುವ ವ್ಯವಸ್ಥೆ ಉಳಿದದ್ದನ್ನೂ ಬರೆಯಲು ಬಿಡುತ್ತದೆ.

ವಿಂಡೋಸಿನಲ್ಲಿ ಅಳವಡಿಕೆ ಸುಲಭ. ಸೆಟ್ಟಿಂಗ್ಸ್‌ನ ಭಾಷೆಯ ಪುಟಕ್ಕೆ ಹೋಗಿ ಸಿಂಹಳವನ್ನು ಸೇರಿಸಿದರೆ ಆಯಿತು. ತಮಿಳು ಮಾತ್ರ ಭಾರತ, ಶ್ರೀಲಂಕಾ, ಮಲೇಷ್ಯಾ, ಸಿಂಗಪುರ ಎಂದು ಬೇರೆ ಬೇರೆ ದೇಶಗಳ ಹೆಸರಿನಲ್ಲಿ ಕಾಣುತ್ತದೆ. ಲಿಪಿ ಒಂದೇ, ಪ್ರಾದೇಶಿಕ ರೂಢಿಗಳು ಬೇರೆ. ಇಲ್ಲಿನ ಕೆಲಸಕ್ಕೆ ಶ್ರೀಲಂಕಾದ್ದನ್ನೇ ಆರಿಸಬೇಕು. ವಿಂಡೋಸ್ 8ರಿಂದ ಬಂದಿರುವ ನಿರ್ಮಲಾ ಯುಐ ಫಾಂಟಿನಲ್ಲಿ ಸಿಂಹಳ, ತಮಿಳು, ಕನ್ನಡ ಮೂರೂ ಇವೆ. ಒಂದೇ ಕೋಷ್ಟಕದಲ್ಲಿ ಮೂರನ್ನೂ ಇಟ್ಟರೆ ಅಕ್ಷರಗಳ ದಪ್ಪ ಒಂದಕ್ಕೊಂದು ಹೊಂದುತ್ತದೆ. ಹಳೆಯ ಫೈಲುಗಳು ಬಂದಾಗ ಮಾತ್ರ ಒಂದು ಕೆಲಸ ಉಳಿಯುತ್ತದೆ. ಇಸ್ಕೋಲ ಪೊತ ಎಂಬ ಸಿಂಹಳ ಫಾಂಟನ್ನೂ ಲತಾ ಎಂಬ ತಮಿಳು ಫಾಂಟನ್ನೂ ವಿಂಡೋಸ್ 10ರಿಂದ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸರಿಸಲಾಗಿದೆ. ಅಲ್ಲಿಂದ ಅವನ್ನು ಇಳಿಸಿಕೊಳ್ಳದಿದ್ದರೆ ಬೇರೆ ಫಾಂಟ್ ಬಂದು ಕೂತು ಪುಟಗಳ ಅಳತೆ ಏರುಪೇರಾಗುತ್ತದೆ.

ಕೀಲಿವಿನ್ಯಾಸಕ್ಕೆ ಬಂದರೆ ತಮಿಳಿಗೆ ಆಯ್ಕೆಗಳು ಹೆಚ್ಚು. ‘ತಮಿಳು’ ಎಂದಷ್ಟೇ ಹೆಸರಿರುವುದು ಭಾರತದ ಇನ್‌ಸ್ಕ್ರಿಪ್ಟ್. ಕನ್ನಡ ಇನ್‌ಸ್ಕ್ರಿಪ್ಟ್ ಬಲ್ಲವರಿಗೆ ಇದು ಪುಕ್ಕಟೆ ಸಿಕ್ಕ ವಿದ್ಯೆ. ಕಕಾರ ಕೆ ಕೀಲಿಯಲ್ಲಿ, ತಕಾರ ಎಲ್ ಕೀಲಿಯಲ್ಲಿ, ಮಕಾರ ಸಿ ಕೀಲಿಯಲ್ಲಿ, ಕನ್ನಡದಲ್ಲಿ ಎಲ್ಲಿವೆಯೋ ಅಲ್ಲೇ ಇವೆ. 2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಲ್ಲಿ ತಮಿಳ್ 99 ಮತ್ತು ಅಂಜಲ್ ವಿನ್ಯಾಸಗಳೂ ಸೇರಿದವು. ಅದೇ ಸಲ ಕನ್ನಡ, ತಮಿಳು ಮೊದಲಾದ ಭಾರತೀಯ ಭಾಷೆಗಳಿಗೆ ಉಚ್ಚಾರಣೆಯಂತೆ ಬರೆಯುವ ಕೀಲಿಮಣೆಯೂ ಬಂತು. ಆ ಪಟ್ಟಿಯಲ್ಲಿ ಸಿಂಹಳ ಇಲ್ಲ. ಇನ್‌ಸ್ಕ್ರಿಪ್ಟ್ ಭಾರತದ ಮಾನಕವಾದ್ದರಿಂದ ಅದರಲ್ಲೂ ಸಿಂಹಳ ಸೇರುವುದಿಲ್ಲ. ಹೀಗಾಗಿ ವಿಂಡೋಸಿನಲ್ಲಿ ಸಿಂಹಳ ಬರೆಯಬೇಕಾದವರು ಅದರೊಳಗಿನ ಎರಡು ಸಿಂಹಳ ವಿನ್ಯಾಸಗಳಲ್ಲಿ ಒಂದನ್ನು ಕಲಿಯಲೇಬೇಕು. ಅವುಗಳಲ್ಲಿ ‘ವಿಜ್ 9’ ಎಂಬ ಹೆಸರಿನದು ವಿಜೇಸೇಕರ ವಿನ್ಯಾಸ.

ವಿಜೇಸೇಕರ ವಿನ್ಯಾಸ 1960ರ ದಶಕದ ಸಿಂಹಳ ಟೈಪ್‌ರೈಟರಿನಿಂದ ಬಂದದ್ದು. ಶ್ರೀಲಂಕಾದ ಎಸ್‌ಎಲ್‌ಎಸ್ 1134 ಮಾನಕದಲ್ಲಿ ಇರುವುದೂ ಅದೇ. ಮೊದಲ ನೋಟಕ್ಕೆ ಕೀಲಿಗಳಿಗೂ ಉಚ್ಚಾರಣೆಗೂ ಸಂಬಂಧವೇ ಕಾಣುವುದಿಲ್ಲ. ಕಕಾರ ಎಲ್ ಕೀಲಿಯಲ್ಲಿದೆ, ಲಕಾರ ಅಲ್ಪವಿರಾಮದ ಕೀಲಿಯಲ್ಲಿದೆ, ಸಕಾರ ಐ ಕೀಲಿಯಲ್ಲಿದೆ. ಆದರೆ ಬೆರಳಿಗೆ ಹತ್ತಿದ ಮೇಲೆ ಇದರಷ್ಟು ವೇಗ ಬೇರೆ ಯಾವುದಕ್ಕೂ ಇಲ್ಲ. ಹೆಚ್ಚು ಬಳಕೆಯ ಅಕ್ಷರಗಳೂ ಚಿಹ್ನೆಗಳೂ ಶಿಫ್ಟ್ ಇಲ್ಲದೆ ಸಿಗುತ್ತವೆ. ರಕಾರದ ಒತ್ತಿಗೂ ಯಕಾರದ ಒತ್ತಿಗೂ ಪ್ರತ್ಯೇಕ ಸ್ಥಾನಗಳಿವೆ.

ಈ ಒತ್ತುಗಳ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಕನ್ನಡಿಗರ ಬೆರಳು ಎಡವುವುದು ಇಲ್ಲೇ. ಕನ್ನಡದಲ್ಲಿ ಶಕಾರ, ವಿರಾಮ, ರಕಾರ ಒಂದರ ಹಿಂದೊಂದು ಬಂದರೆ ಒತ್ತಕ್ಷರ ತಾನಾಗಿ ಆಗುತ್ತದೆ. ಒತ್ತು ಬೇಡವಾದಾಗ, ಉದಾಹರಣೆಗೆ ‘ರಾಜ್‌ಕುಮಾರ್’ ಎಂದು ಬರೆಯುವಾಗ, ನಡುವೆ ಕಣ್ಣಿಗೆ ಕಾಣದ ಬೇರ್ಪಡಿಸುವ ಸಂಕೇತವೊಂದನ್ನು ಹಾಕುತ್ತೇವೆ. ಸಿಂಹಳದಲ್ಲಿ ಇದು ತಿರುವುಮುರುವು. ವಿರಾಮ ಹಾಕಿದರೆ ಅದು ಅಕ್ಷರದ ತಲೆಯ ಮೇಲೆ ಹಾಗೇ ನಿಲ್ಲುತ್ತದೆ. ಒತ್ತು ಬೇಕಾದರೆ ಕಾಣದ ಜೋಡಿಸುವ ಸಂಕೇತವೊಂದನ್ನು, ಅಂದರೆ ಜೀರೋ ವಿಡ್ತ್ ಜಾಯ್ನರ್ ಎಂಬುದನ್ನು, ನಡುವೆ ಇಡಬೇಕು. ಹಾಗಾಗಿ ಸಿಂಹಳದ ‘ಶ್ರೀ’ಯ ಹಿಂದೆ ಐದು ಸಂಕೇತಗಳಿವೆ: ಶಕಾರ, ವಿರಾಮ, ಜೋಡಿಸುವ ಸಂಕೇತ, ರಕಾರ, ದೀರ್ಘ ಈಕಾರದ ಚಿಹ್ನೆ. ಬರವಣಿಗೆಯ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲಿ ಅದನ್ನು ಬರೆದು ಕೊನೆಯಿಂದ ಒಂದೊಂದಾಗಿ ಅಳಿಸುತ್ತ ಬಂದರೆ, ಒಂದು ಸಲ ಕೀಲಿ ಒತ್ತಿದಾಗ ಪರದೆಯಲ್ಲಿ ಏನೂ ಬದಲಾಗುವುದಿಲ್ಲ. ಆಗ ಅಳಿದದ್ದು ಆ ಸಂಕೇತ. ವಿಜೇಸೇಕರದಲ್ಲಿ ರಕಾರದ ಒತ್ತಿನ ಕೀಲಿಯನ್ನು ಒತ್ತಿದರೆ ವಿರಾಮ, ಜೋಡಿಸುವ ಸಂಕೇತ, ರಕಾರ ಮೂರೂ ಒಟ್ಟಿಗೆ ಬೀಳುತ್ತವೆ. ಬರೆಯುವವರು ಅದರ ಗೊಡವೆಗೇ ಹೋಗಬೇಕಿಲ್ಲ.

ಆ ಜೋಡಿಸುವ ಸಂಕೇತ ಬಿಟ್ಟುಹೋದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಒಂದು ಮುದ್ರಣಾಲಯದಲ್ಲಿ ಅನಗತ್ಯ ಖಾಲಿ ಸಂಕೇತಗಳನ್ನು ತೆಗೆದುಹಾಕುವ ಸಾಧನದ ಮೂಲಕ ನಮ್ಮ ಪಠ್ಯವನ್ನು ಹಾಯಿಸಿದ್ದರು. ಕರಡಚ್ಚಿನಲ್ಲಿ ದೇಶದ ಹೆಸರೇ ಒಡೆದುಕೊಂಡು ಬಂದಿತ್ತು: ಶಕಾರದ ಮೇಲೆ ವಿರಾಮ, ಪಕ್ಕದಲ್ಲಿ ಬೇರೆಯಾಗಿ ‘ರೀ’. ಸಿಂಹಳ ಓದುವವರ ಕಣ್ಣಿಗೆ ಇದು ಸಣ್ಣ ದೋಷವಲ್ಲ.

ತಮಿಳಿನಲ್ಲಿ ಈ ತೊಂದರೆ ಇಲ್ಲ. ವಿರಾಮದ ಚುಕ್ಕೆ, ಅಂದರೆ ಪುಳ್ಳಿ, ಯಾವಾಗಲೂ ಅಕ್ಷರದ ಮೇಲೆ ಕಾಣುತ್ತದೆ. ಕ್ಷಕಾರ ಮತ್ತು ಶ್ರೀಕಾರ ಬಿಟ್ಟರೆ ಕೂಡಕ್ಷರಗಳಿಲ್ಲ. ಆದರೆ ಆ ಶ್ರೀಕಾರದಲ್ಲೇ ಬೇರೊಂದು ಗಂಟಿದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಜಾಗತಿಕ ಮಾನಕವಾದ ಯೂನಿಕೋಡಿಗೆ ತಮಿಳಿನ ಶಕಾರ ಸೇರಿದ್ದು 2005ರಲ್ಲಿ, 4.1ನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಶ್ರೀಕಾರವನ್ನು ಸಕಾರದಿಂದಲೇ ಕಟ್ಟುತ್ತಿದ್ದರು, ಈಗಲೂ ಹಲವು ಕಡೆ ಹಾಗೇ ನಡೆಯುತ್ತಿದೆ. ಎರಡೂ ಪರದೆಯಲ್ಲಿ ಒಂದೇ ರೀತಿ ಕಾಣುತ್ತವೆ, ಆದರೆ ಹುಡುಕಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೆಸರುಗಳ ಪಟ್ಟಿ ಇಟ್ಟುಕೊಂಡವರು ಎರಡು ರೂಪಗಳಲ್ಲೂ ಹುಡುಕಬೇಕು.

ಇನ್ನು ಉಬುಂಟು. ಐಬಸ್‌ಗೆ ಎಂ17ಎನ್ ಪ್ಯಾಕೇಜನ್ನು ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬಂದು, ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಬೇಕಾದ ವಿನ್ಯಾಸಗಳನ್ನು ಆರಿಸಿದರೆ ಮುಗಿಯಿತು. ಪಟ್ಟಿಯಲ್ಲಿ ಒಂದೇ ಭಾಷೆಗೆ ಎರಡು ಬಗೆಯ ನಮೂದುಗಳು ಕಾಣುತ್ತವೆ. ಕೆಲವದರ ಮುಂದೆ ಎಂ17ಎನ್ ಎಂದಿರುತ್ತದೆ, ಕೆಲವದರ ಮುಂದೆ ಇರುವುದಿಲ್ಲ. ಆ ವ್ಯತ್ಯಾಸ ನೋಡದೆ ಆರಿಸಬಾರದು. ಎಂ17ಎನ್ ಇಲ್ಲದವು ಬರಿಯ ಕೀಲಿನಕ್ಷೆಗಳು: ಒಂದು ಕೀಲಿ, ಒಂದು ಸಂಕೇತ. ಹಿಂದೆ ಯಾವ ಅಕ್ಷರ ಬಂತೆಂಬುದು ಅವುಗಳಿಗೆ ತಿಳಿಯದು. ಎಂ17ಎನ್ ಹಿಂದಿನ ಅಕ್ಷರವನ್ನು ನೆನಪಿಟ್ಟುಕೊಳ್ಳುತ್ತದೆ.

ತಮಿಳ್ 99 ವಿನ್ಯಾಸದ ಜೀವ ಇರುವುದೇ ಆ ನೆನಪಿನಲ್ಲಿ. 1999ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ನಡೆದ ತಮಿಳ್‌ನೆಟ್ ಸಮ್ಮೇಳನದಿಂದ ಬಂದ ವಿನ್ಯಾಸವಿದು. ಸ್ವರಗಳೆಲ್ಲ ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ‘ಅಮ್ಮಾ’ ಎಂದು ಬರೆಯಲು ಎ, ಕೆ, ಕೆ, ಕ್ಯೂ ಒತ್ತಿದರೆ ಸಾಕು. ಮಕಾರ ಎರಡು ಸಲ ಬಂದದ್ದನ್ನು ಕಂಡು ಮೊದಲನೆಯದಕ್ಕೆ ಪುಳ್ಳಿ ತಾನೇ ಬೀಳುತ್ತದೆ. ಅನುನಾಸಿಕದ ಹಿಂದೆಯೇ ಅದರ ವರ್ಗದ ವ್ಯಂಜನ ಬಂದರೂ ಹಾಗೆಯೇ. ‘ಯಾೞ್ಪ್ಪಾಣಂ’ ಬರೆಯುವಾಗ ಪಕಾರದ ದ್ವಿತ್ವಕ್ಕೆ ಪುಳ್ಳಿಯ ಕೀಲಿ ಹುಡುಕಬೇಕಾಗಲಿಲ್ಲ. ಬರಿಯ ಕೀಲಿನಕ್ಷೆಯಲ್ಲಿ ಪ್ರತಿ ಸಲವೂ ಎಫ್ ಕೀಲಿ ಒತ್ತಿ ಪುಳ್ಳಿ ಹಾಕಬೇಕು. ಒತ್ತು ತುಂಬಿದ ತಮಿಳು ಗದ್ಯದಲ್ಲಿ ಇದು ಕೈಗೆ ಗೊತ್ತಾಗುತ್ತದೆ.

ಸಿಂಹಳದ ‘ಕೊಳಂಬ’ ಮತ್ತೊಂದು ಗುಣವನ್ನು ತೋರಿಸಿತು. ಸಿಂಹಳದ ಎಕಾರದ ಚಿಹ್ನೆ, ಕೊಂಬುವ, ವ್ಯಂಜನದ ಎಡಕ್ಕೆ ಕೂರುತ್ತದೆ. ಕೈಬರಹದಲ್ಲಿ ಅದನ್ನೇ ಮೊದಲು ಬರೆಯುತ್ತಾರೆ, ಟೈಪ್‌ರೈಟರಿನಲ್ಲೂ ಅದನ್ನೇ ಮೊದಲು ಒತ್ತುತ್ತಿದ್ದರು. ಯೂನಿಕೋಡ್ ಮಾತ್ರ ವ್ಯಂಜನವನ್ನು ಮೊದಲು, ಚಿಹ್ನೆಯನ್ನು ನಂತರ ಇಡುತ್ತದೆ. ಎಂ17ಎನ್‌ನ ವಿಜೇಸೇಕರದಲ್ಲಿ ಕೊಂಬುವವನ್ನು ಮೊದಲು ಒತ್ತಿದರೂ ಅದು ಒಳಗೆ ಕ್ರಮವನ್ನು ಸರಿಪಡಿಸಿಕೊಳ್ಳುತ್ತದೆ. ಕನ್ನಡದಲ್ಲಿ ಎತ್ವ ಅಕ್ಷರದ ತಲೆಯ ಮೇಲೆ ಕೂರುವುದರಿಂದ ನಮಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ಪಕ್ಕದ ಮೇಜಿನ ಸಿಂಹಳ ಟೈಪಿಸ್ಟ್ ಅಕ್ಕನವರು ಮೊದಲು ಪರೀಕ್ಷಿಸಿದ್ದೇ ಅದನ್ನು. ಕೊಂಬುವ ಮೊದಲು ಒತ್ತಿ ಅಕ್ಷರ ಸರಿಯಾಗಿ ಬಂದ ಮೇಲೆಯೇ ಅವರು ಕುರ್ಚಿ ಎಳೆದುಕೊಂಡು ಕುಳಿತರು.

ಉಬುಂಟುವಿನ ಪರವಾಗಿ ಇನ್ನೊಂದು ಮಾತು. ಶ್ರೀಲಂಕಾದ ತಮಿಳರಲ್ಲಿ ಹಲವರ ಬೆರಳು ತಮಿಳ್ 99ಕ್ಕೆ ಒಗ್ಗಿಲ್ಲ. ಅವರು ಬಾಮಿನಿ ಎಂಬ ಹಳೆಯ ಫಾಂಟಿನಲ್ಲಿ ಬರೆದು ಬೆಳೆದವರು. ಅದಕ್ಕೆ ಹತ್ತಿರದ, ಟೈಪ್‌ರೈಟರ್ ಕ್ರಮದ ರೆಂಗನಾಥನ್ ವಿನ್ಯಾಸ ಈಗ ಇಲ್ಲಿನ ತಮಿಳು ಮಾನಕ. ಎಂ17ಎನ್‌ನಲ್ಲಿ ಅದು ಸಿದ್ಧವಾಗಿದೆ. ವಿಂಡೋಸಿನ ಪಟ್ಟಿಯಲ್ಲಿ ಅದಿಲ್ಲ, ಹೊರಗಿನಿಂದ ತಂದು ಹಾಕಬೇಕು.

ಬಾಮಿನಿಯ ಮಾತು ಬಂದದ್ದರಿಂದ ಹಳೆಯ ಫೈಲುಗಳ ವಿಷಯವನ್ನೂ ಹೇಳುತ್ತೇನೆ. ಸಿಂಹಳ ಯೂನಿಕೋಡಿಗೆ ಸೇರಿದ್ದು 1999ರಲ್ಲಿ. ಅಷ್ಟರೊಳಗೆ, ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಸಿಂಹಳ ರೂಪ ತೊಡಿಸುವ ಎಫ್‌ಎಂ ಅಭಯದಂತಹ ಫಾಂಟುಗಳು ಮುದ್ರಣಲೋಕದಲ್ಲಿ ಬೇರುಬಿಟ್ಟಿದ್ದವು. ನುಡಿ, ಬರಹಗಳ ಹಳೆಯ ಫೈಲುಗಳನ್ನು ಫಾಂಟ್ ಇಲ್ಲದೆ ತೆರೆದವರಿಗೆ ಆ ಗೊಂದಲ ಗೊತ್ತು. ಎಫ್‌ಎಂನಲ್ಲಿ ಬರೆದ ‘ಸಿಂಹಳ’ ಎಂಬ ಪದ ಫಾಂಟ್ ಇಲ್ಲದಾಗ ಐ, ಎಸ್, ಎಕ್ಸ್, ವೈ, ಅಲ್ಪವಿರಾಮ ಎಂದು ಕಾಣುತ್ತದೆ. ಬಾಮಿನಿಯ ‘ತಮಿೞ್’ ಜೆ, ಕೆ, ಪಿ, ಓ, ಅರ್ಧವಿರಾಮ ಆಗುತ್ತದೆ. ಇವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ, ಕೊಲಂಬೊ ವಿಶ್ವವಿದ್ಯಾಲಯದ ಕಂಪ್ಯೂಟಿಂಗ್ ಶಾಲೆಯದೂ ಒಂದಿದೆ. ಪರಿವರ್ತಿಸಿದ ಪಠ್ಯದಲ್ಲಿ ಒತ್ತುಗಳನ್ನು ಮಾತ್ರ ಕಣ್ಣಿಟ್ಟು ನೋಡಲೇಬೇಕು.

ಮೂರನೆಯ ದಾರಿಗೆ ಹೆಚ್ಚು ಮಾತು ಬೇಡ. ಗೂಗಲ್ ಇನ್‌ಪುಟ್ ಟೂಲ್ಸ್ ಆಗಲಿ, ಕೊಲಂಬೊ ವಿಶ್ವವಿದ್ಯಾಲಯದ್ದೇ ಉಚ್ಚಾರಣೆಯ ಪರಿವರ್ತಕವಾಗಲಿ, ಏನೂ ಕಲಿಯದೆ ಮೊದಲ ನಿಮಿಷದಲ್ಲೇ ಬರೆಯಲು ಬಿಡುತ್ತವೆ. ಕೊಲಂಬೊದಂತಹ ಪರಿಚಿತ ಹೆಸರುಗಳನ್ನು ಗೂಗಲ್ ತಾನೇ ಸರಿಯಾಗಿ ಊಹಿಸುತ್ತದೆ. ಊಹೆ ಕೈಕೊಡುವುದು ಹಳ್ಳಿಗಳ ಹೆಸರುಗಳಲ್ಲಿ, ವ್ಯಕ್ತಿಗಳ ಹೆಸರುಗಳಲ್ಲಿ. ಇಂಗ್ಲಿಷಿನ ಒಂದು ಎನ್ ತಮಿಳಿನ ಮೂರು ನಕಾರಗಳಲ್ಲಿ ಯಾವುದು? ಒಂದು ಎಲ್ ಯಾವ ಲಕಾರ? ಸಿಂಹಳದ ‘ಂಬ’ ಒಂದೇ ಅಕ್ಷರವೋ, ಮಕಾರ ಬಕಾರಗಳ ಜೋಡಿಯೋ? ಭಾಷೆ ಬಲ್ಲವರು ಪಟ್ಟಿಯಿಂದ ಸರಿಯಾದುದನ್ನು ಆರಿಸುತ್ತಾರೆ; ಕಲಿಯುತ್ತಿರುವವರಿಗೆ ಅದೇ ಕಷ್ಟ. ಪ್ರಕಟವಾಗದ ಸೂಚನೆಗಳನ್ನು ಅಂತರಜಾಲದ ಪುಟದಲ್ಲಿ ಟೈಪ್ ಮಾಡುವುದೂ ನನಗೆ ಒಪ್ಪಿಗೆಯಿಲ್ಲ.

ಉಬುಂಟುವಿನಲ್ಲಿ ನನಗೆ ಬೇಸರ ತರಿಸುವುದು ಲಿಬ್ರೆ ಆಫೀಸಿನ ಒಂದು ಏರ್ಪಾಡು. ಸಂಕೀರ್ಣ ಲಿಪಿಗಳಿಗೆಲ್ಲ ಅಲ್ಲಿ ಒಂದೇ ಫಾಂಟ್ ಮತ್ತು ಒಂದೇ ಭಾಷೆಯ ಸ್ಥಾನವಿದೆ. ಸಿಂಹಳಕ್ಕೆ ನೋಟೊ ಸಿಂಹಳ ಎಂದು ನಿಗದಿ ಮಾಡಿದರೆ ತಮಿಳೂ ಅದೇ ಸ್ಥಾನಕ್ಕೆ ಬಂದು ಬೀಳುತ್ತದೆ, ಆಗ ತನಗೆ ತೋಚಿದ ತಮಿಳು ಫಾಂಟನ್ನು ತಂತ್ರಾಂಶವೇ ಹಾಕುತ್ತದೆ. ನಾನು ಸಿಂಹಳಕ್ಕೊಂದು, ತಮಿಳಿಗೊಂದು ಶೈಲಿಯನ್ನು ಟೆಂಪ್ಲೇಟಿನಲ್ಲಿಯೇ ಮಾಡಿಟ್ಟಿದ್ದೇನೆ. ಸಿಂಹಳಕ್ಕೆ ಸಾಲುಗಳ ಅಂತರ ಸ್ವಲ್ಪ ಹೆಚ್ಚು, ಏಕೆಂದರೆ ಅದರ ಚಿಹ್ನೆಗಳು ಮೇಲೂ ಕೆಳಗೂ ಚಾಚುತ್ತವೆ. ತಮಿಳಿಗೆ ಅಂಕಣ ಸ್ವಲ್ಪ ಅಗಲ, ಪದಗಳು ಉದ್ದವಾದ್ದರಿಂದ. ಶೀರ್ಷಿಕೆಗಳಿಗೆ ಐದು ದಪ್ಪಗಳಲ್ಲಿ ಉಚಿತವಾಗಿ ಸಿಗುವ ಅಭಯ ಲಿಬ್ರೆ ಫಾಂಟನ್ನು ಬಳಸುತ್ತೇನೆ. ಹಳೆಯ ಎಫ್‌ಎಂ ಅಭಯದ ಚೆಲುವು ಅದರಲ್ಲಿ ಉಳಿದಿದೆ.

ಅಳವಡಿಸುವವರಿಗೆ ಎರಡು ಸೂಚನೆಗಳು. ಯಾವ ವ್ಯವಸ್ಥೆಯಲ್ಲೇ ಆಗಲಿ ಪಟ್ಟಿಯಲ್ಲಿ ಇಂಗ್ಲಿಷನ್ನೇ ಮೊದಲು ಇಡಿ, ಇಲ್ಲವಾದರೆ ಪಾಸ್‌ವರ್ಡ್ ಕೇಳುವ ಪರದೆಯಲ್ಲಿ ಸಿಂಹಳ ಅಕ್ಷರಗಳು ಬೀಳುತ್ತವೆ, ಚುಕ್ಕೆಗಳ ಹಿಂದೆ ಅದು ಕಾಣುವುದೂ ಇಲ್ಲ. ಮುದ್ರಣಕ್ಕೆ ಕಳಿಸುವಾಗ ಫಾಂಟುಗಳನ್ನು ಒಳಸೇರಿಸಿದ ಪಿಡಿಎಫ್ ಕಳಿಸಿ, ಅಚ್ಚಾಗಿ ಬಂದ ಕರಡಿನಲ್ಲಿ ಸಿಂಹಳದ ‘ಶ್ರೀ’ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಮೊದಲು ನೋಡಿ.