ಎಕ್ಸ್‌ಕೆಸಿಡಿ: ಸಾಗರದ ವಿಜ್ಞಾನ ಶಿಕ್ಷಕನೊಬ್ಬನ ವಿಮರ್ಶೆ

ಎಕ್ಸ್‌ಕೆಸಿಡಿ (xkcd) ಅಂತರ್ಜಾಲದಲ್ಲಿ ಬರುವ ಇಂಗ್ಲಿಷ್ ವ್ಯಂಗ್ಯಚಿತ್ರಮಾಲೆ. ವಿಜ್ಞಾನ ಕಲಿಸುವವರಿಗೆ ಇಷ್ಟೊಂದು ಒದಗಿಬರುವ ಇನ್ನೊಂದು ಚಿತ್ರಮಾಲೆಯನ್ನು ನಾನು ಕಂಡಿಲ್ಲ. ಹಲವು ವರ್ಷಗಳಿಂದ ಬಿಡದೆ ಓದುತ್ತಿದ್ದೇನೆ. ನಾಸಾದಲ್ಲಿ ರೋಬೋಟ್‌ಗಳ ಕೆಲಸದಲ್ಲಿದ್ದ ರ‍್ಯಾಂಡಲ್ ಮನ್ರೋ 2005ರಲ್ಲಿ ಆರಂಭಿಸಿದ್ದು. ಸೋಮವಾರ, ಬುಧವಾರ, ಶುಕ್ರವಾರ ಹೊಸ ಚಿತ್ರ ಬರುತ್ತದೆ. ಚಂದಾ ಇಲ್ಲ. ಬರಿಯ ಗೆರೆಚಿತ್ರಗಳಾದ್ದರಿಂದ ಮಳೆಗಾಲದಲ್ಲಿ ನೆಟ್‌ವರ್ಕ್ ಕುಂಟುವಾಗಲೂ ಹೇಗೋ ತೆರೆದುಕೊಳ್ಳುತ್ತವೆ.

ಭೂಮಿಯ ಸರಾಸರಿ ತಾಪಮಾನದ ಬಗ್ಗೆ 2016ರಲ್ಲಿ ಬಂದ ಚಿತ್ರವನ್ನು ತರಗತಿಯಲ್ಲಿ ತಪ್ಪದೆ ತೋರಿಸುತ್ತೇನೆ. ಕ್ರಿ.ಪೂ. 20000ದಿಂದ ಶುರು. ಮೇಲಿನಿಂದ ಕೆಳಕ್ಕೆ ಬೆರಳಿನಿಂದ ಸರಿಸುತ್ತಲೇ ಹೋಗಬೇಕು. ಹಿಮ ಕರಗುತ್ತದೆ, ಬೇಸಾಯ ಬರುತ್ತದೆ, ಸಾಮ್ರಾಜ್ಯಗಳು ಹುಟ್ಟಿ ಅಳಿಯುತ್ತವೆ. ತಾಪಮಾನದ ಗೆರೆ ಮಾತ್ರ ತುಸುತುಸುವೇ ಅತ್ತಿತ್ತ ಜರುಗುತ್ತದೆ. "ಇನ್ನೂ ಎಷ್ಟಿದೆ ಸರ್?" ಎಂದು ಮಕ್ಕಳು ಬೇಸರಪಡುವ ಹೊತ್ತಿಗೆ, ಕಟ್ಟಕಡೆಯಲ್ಲಿ, ಅದು ಬಲಕ್ಕೆ, ಅಂದರೆ ಬಿಸಿಯ ಕಡೆಗೆ, ಸರ್ರನೆ ಹೊರಳುತ್ತದೆ. ಆ ಬೇಸರವೇ ಅರ್ಧ ಪಾಠ. ಪಠ್ಯಪುಸ್ತಕದ ಅಂಗೈಯಗಲದ ನಕ್ಷೆಯಿಂದ ಅದು ಸಾಧ್ಯವಿಲ್ಲ.

ನಮ್ಮ ಓದುಗ ಗೆಳೆಯರಲ್ಲಿ ಅತಿ ಹೆಚ್ಚು ವಾದ ನಡೆದಿರುವುದು ಇದೇ ಮಾಲೆಯ 'ಟೈಮ್' ಎಂಬ ಚಿತ್ರಕಥೆಯ ಬಗ್ಗೆ. 2013ರಲ್ಲಿ ಮೊದಲು ಅರ್ಧ ಗಂಟೆಗೊಂದು, ಆಮೇಲೆ ಗಂಟೆಗೊಂದು ಚಿತ್ರದಂತೆ ನಾಲ್ಕು ತಿಂಗಳು ನಡೆದು 3099 ಚಿತ್ರಗಳಲ್ಲಿ ಮುಗಿದ ಕಥೆ. ಮರುವರ್ಷ, ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು. ಇಬ್ಬರು ಮರಳಿನ ಕೋಟೆ ಕಟ್ಟುತ್ತಿದ್ದಾರೆ, ಸಮುದ್ರ ಏರುತ್ತಿದೆ, ಏಕೆಂದು ತಿಳಿಯಲು ಹೊರಡುತ್ತಾರೆ. ಕಥೆಯ ನಡುವೆ ಬರುವ ರಾತ್ರಿಯಾಕಾಶದ ನಕ್ಷತ್ರಗಳ ಸ್ಥಾನವನ್ನು ಲೆಕ್ಕಹಾಕಿದ ಅಭಿಮಾನಿಗಳು, ಇದು ಸಾವಿರಾರು ವರ್ಷ ಮುಂದಿನ ಕಾಲ ಎಂದು ಪತ್ತೆಹಚ್ಚಿದರು. ಎಂಜಿನಿಯರ್ ಗೆಳೆಯನಿಗೆ ಕಥೆಯ ತಿರುಳೇ ಆ ಲೆಕ್ಕ. ನಮ್ಮ ಕನ್ನಡ ಮೇಷ್ಟರು ಒಪ್ಪುವುದಿಲ್ಲ. ಅವರ ಅಜ್ಜನ ಮನೆ, ಅಡಿಕೆ ತೋಟ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿವೆ. "ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಗೊತ್ತಿಲ್ಲದವರ ಕಥೆ ಇದು, ನಕ್ಷತ್ರ ಆಮೇಲೆ" ಎನ್ನುತ್ತಾರೆ. ನಾನು ಮೇಷ್ಟರ ಪಕ್ಷ. ಕಣ್ಣು ಮೂಗಿಲ್ಲದ ಕಡ್ಡಿಗೊಂಬೆಗಳು ಬೆನ್ನು ಬಾಗಿಸಿ ಓಡುವುದನ್ನು ಕಂಡರೆ ಎದೆ ಬಿಗಿಯುತ್ತದೆ. ಲೆಕ್ಕವೊಂದೇ ಬಲ್ಲವನು ಹಾಗೆ ಬರೆಯಲಾರ.

ಎಲ್ಲವೂ ಎಲ್ಲರಿಗೂ ದಕ್ಕುವುದಿಲ್ಲ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ, ಅಮೆರಿಕದ ರಾಜಕೀಯ ತಿಳಿಯದವರಿಗೆ ಎಷ್ಟೋ ಚಿತ್ರಗಳು ಒಗಟು. ಪ್ರತಿ ಚಿತ್ರದ ಹಿಂದೆ ಒಂದು ಸಾಲು ಅಡಗಿರುತ್ತದೆ; ಕಂಪ್ಯೂಟರ್‌ನಲ್ಲಿ ಮೌಸನ್ನು ಚಿತ್ರದ ಮೇಲಿಟ್ಟರೆ ಕಾಣುತ್ತದೆ, ಮೊಬೈಲ್‌ನಲ್ಲಾದರೆ ಮೊಬೈಲ್ ಆವೃತ್ತಿಯನ್ನೇ ತೆರೆಯಬೇಕು. ನಿಜವಾದ ನಗು ಎಷ್ಟೋ ಸಲ ಅಲ್ಲಿಯೇ ಇರುತ್ತದೆ, ಬಿಡಬೇಡಿ.

ಮನ್ರೋ ಬಗ್ಗೆ ನನಗೆ ಗೌರವ ಹೆಚ್ಚಲು ಇನ್ನೊಂದು ಕಾರಣವಿದೆ. ಅವರ ಹೆಸರು ಹಾಕಿದರೆ, ಹಣ ಮಾಡುವ ಉದ್ದೇಶವಿಲ್ಲದಿದ್ದರೆ, ಚಿತ್ರಗಳನ್ನು ಯಾರು ಬೇಕಾದರೂ ಹಂಚಬಹುದು, ಅನುವಾದಿಸಲೂಬಹುದು. ತಾಪಮಾನದ ಚಿತ್ರವನ್ನು ನಾವು ಕನ್ನಡಕ್ಕೆ ತಂದು, ಗೋಡೆಯ ಎತ್ತರ ಸಾಲದೆ ತುಂಡು ಮಾಡಿ, ಶಾಲೆಯ ಜಗುಲಿಯಲ್ಲಿ ಸಾಲಾಗಿ ಅಂಟಿಸಿದ್ದೇವೆ. ಬೇರೆ ಶಾಲೆಯವರೂ ಧಾರಾಳವಾಗಿ ಮಾಡಬಹುದು. ಯಾರ ಅಪ್ಪಣೆಗೂ ಕಾಯಬೇಕಿಲ್ಲ.